ಅಡಿವೆಪ್ಪನ ಗೋಳದಿಗ್ವಿಜಯ

ಕೇಳಿರಯ್ಯಾ ಕೇಳಿ! ಮೌಸೇ ಖಡ್ಗವಾಗಿ, ಗಾಲಿಯುಳ್ಳ ತಿರುಗುಕುರ್ಚಿಯೇ ರಥವಾಗಿ, ಕುಳಿತಲ್ಲೇ ಲೋಕಗಳನ್ನು ಗೆಲ್ಲುವ ಈ ಗಣಕಯುಗದಲ್ಲಿ, ಭೌತಶಾಸ್ತ್ರ ವಿಭಾಗವೆಂಬ ಮಹಾದುರ್ಗದ ಮೇಲ್ಮಹಡಿಯಲ್ಲಿ, ಶೂನ್ಯಾವಕಾಶಮರ್ದನ, ಚಹಾಪಾನಧುರಂಧರ, ಸ್ವಪ್ರಶಂಸಾಸಾಗರ ಅಡಿವೆಪ್ಪ ಗುಡಗುಂಟಿ ಎಂಬ ಸಂಶೋಧಕವೀರನು ಮೆರೆಯುತ್ತಿದ್ದನು.

ಅವನ ರಣಭೂಮಿ ಒಂದು ಡಬ್ಬಿ. ಅದೂ ಕಂಪ್ಯೂಟರಿನೊಳಗಿನ ಲೆಕ್ಕದ ಡಬ್ಬಿ. ಅದರೊಳಗೆ ಗೋಳಗಳನ್ನು, ಒಂದರ ಮೈಯೊಳಗೆ ಇನ್ನೊಂದು ತೂರದಂತೆ, ಕ್ರಮವಿಲ್ಲದೆ ಎಸೆದೆಸೆದು, ಡಬ್ಬಿಯ ನೂರರಲ್ಲಿ ಎಷ್ಟು ಪಾಲು ತುಂಬಿತೆಂದು ನೋಡುವುದೇ ಯುದ್ಧ. ಹೆಚ್ಚು ತುಂಬಿದವರಿಗೆ ಪುಣೆಯ ವಿಚಾರಸಂಕಿರಣದಲ್ಲಿ ಪ್ರಬಂಧ ಓದುವ ಭಾಗ್ಯ. ವಿಭಾಗ ಕಳಿಸುವುದು ಒಬ್ಬರನ್ನೇ. ಪುಣೆಗೆ ಹೋಗದ ಜನ್ಮವೂ ಒಂದು ಜನ್ಮವೇ ಎಂದು ಅಡಿವೆಪ್ಪ ನಿಜಕ್ಕೂ ಕೊರಗುತ್ತಿದ್ದ. ಆಗಲೇ ಹೊಸ ಕೋಟನ್ನೂ ಹೊಲಿಸಿಟ್ಟಿದ್ದ.

ಜೊತೆಯ ಸಂಶೋಧಕಿ ಪರ್ವೀನ ಹುನಗುಂದ ವರ್ಷವಿಡೀ ಗುದ್ದಾಡಿ ಅರವತ್ಮೂರು ಪಾಲು ತುಂಬಿದ್ದಳು. ಅಡಿವೆಪ್ಪನ ಪರದೆಯ ಮೇಲೆ ಒಂದೇ ಮಧ್ಯಾಹ್ನದಲ್ಲಿ ಎಪ್ಪತ್ತೆರಡು ಮಿನುಗಿತು.

"ಎಲೌ ಅರವತ್ಮೂರರಲ್ಲೇ ತೃಪ್ತಳಾದ ಅಬಲೆಯೇ! ಶೂನ್ಯವನ್ನು ಮೂಲೆಮೂಲೆಗೆ ಅಟ್ಟಿ ಅರೆದ ಈ ಭುಜದಂಡಗಳನ್ನು ಕಂಡು ಶರಣಾಗು!" ಎಂಬರ್ಥ ಬರುವಂತೆ ಅವನು ಗರ್ಜಿಸಿದನು. ಬಾಯಿಂದ ಬಂದದ್ದು ಮಾತ್ರ ಇಷ್ಟು: "ನಂದು ಎಪ್ಪತ್ತೆರಡ್ರೀ ಪರ್ವೀನ. ನಿಮ್ದು ಸುತ್ತಿ ಮನೀಗೆ ಒಯ್ರಿ."

"ಚಿತ್ರಾ ಒಂದೀಟು ತೋರಸ್ರಿ," ಎಂದಳು ಪರ್ವೀನ.

ಚಿತ್ರ! ಅಂಕಿ ಕಂಡ ಮೇಲೂ ಡಬ್ಬಿಯೊಳಗೆ ಇಣುಕುವುದು ಹೇಡಿಗಳ ಕೆಲಸವೆಂದು ಈ ಮಹಾಶಯ ಒಮ್ಮೆಯೂ ನೋಡಿರಲಿಲ್ಲ. ಆದರೆ ಅಷ್ಟರಲ್ಲಿ ಮಾರ್ಗದರ್ಶಕ ಇಟಗಿ ಸರ್ ಬಂದು ಬೆನ್ನ ಹಿಂದೆ ನಿಂತಿದ್ದರು. ಗುಂಡಿ ಒತ್ತಲೇಬೇಕಾಯಿತು.

ಡಬ್ಬಿ ಮೂಡಿತು. ಉಂಡೆದ್ದ ಪಂಕ್ತಿಯಲ್ಲಿ ಉಳಿದ ಬೂಂದಿಕಾಳಿನಂತೆ ಅಲ್ಲೊಂದು ಇಲ್ಲೊಂದು ಗೋಳ, ಉಳಿದದ್ದೆಲ್ಲ ಬಯಲು.

ಇಟಗಿ ಸರ್ ಬಗ್ಗಿ ಪ್ರೋಗ್ರಾಮಿನ ಸಾಲುಗಳನ್ನು ಓದಿದರು. "ಅಲ್ಲೋ ತಮ್ಮಾ, ಘನಫಲಾ ತಗಿಯೂವಾಗ ತ್ರಿಜ್ಯ ಹಾಕಬೇಕು. ನೀ ವ್ಯಾಸ ಹಾಕಿ ಕುಂತೀಯಲ್ಲ! ನಿನ್ನ ಲೆಕ್ಕದಾಗ ಒಂದೊಂದು ಗೋಳಾ ಎಂಟೆಂಟು ಪಟ್ಟು ಉಬ್ಬೇತಿ."

ಇಂಥ ಮಹಾಗಾಥೆಗೆ ವ್ಯಾಸವೇ ಮೂಲವಾಗಬೇಕಿತ್ತೇನೋ! ಶೂನ್ಯಾವಕಾಶಮರ್ದನನು, ವಿಭಾಗವೆಲ್ಲ ನೋಡುತ್ತಿರಲು, ಆ ವ್ಯಾಸವನ್ನು ಎರಡರಿಂದ ಭಾಗಿಸಿದನು. ಸಾಲೆಯ ಮಕ್ಕಳು ಮಾಡುವ ಲೆಕ್ಕ. ಎಪ್ಪತ್ತೆರಡು ಕುಸಿದು ಒಂಬತ್ತಾಯಿತು.

"ಪುಣೇಕ ಪರ್ವೀನ ಹೋಗ್ಲಿ," ಎಂದರು ಇಟಗಿ ಸರ್.

"ಸರ್, ನಾ?" ಅಡಿವೆಪ್ಪನ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

"ನಿನ್ನ ಡಬ್ಬಿಯೊಳಗ ಬೇಕಾದಷ್ಟು ಜಾಗಾ ಐತಲ್ಲೋ. ಅಲ್ಲೇ ಕುಂಡ್ರು."