ರೂಟರಿಗೆ ನಾನು ಹಾಕಿದ ಬೀಗ

ನಮ್ಮ ಮನೆಯ ರೂಟರಿಗೆ ಭದ್ರತೆ ಒದಗಿಸಲು ನಾನು ಕುಳಿತ ದಿನ ಬೆಳಿಗ್ಗೆ ಇಂಟರ್‌ನೆಟ್ ಬಹಳ ಚೆನ್ನಾಗಿ ಬರುತ್ತಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಅಥಣಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಊರಲ್ಲಿ ಆಗಷ್ಟೇ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬರತೊಡಗಿದ್ದ ಕಾಲ; ಮೊಬೈಲಿನ ಇಂಟರ್‌ನೆಟ್ ಮಾತ್ರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಚಿಕ್ಕೋಡಿಯಲ್ಲಿ ನಮಗೆ ಒಂದು ದಿನದ ಕಂಪ್ಯೂಟರ್ ತರಬೇತಿ ಕೊಟ್ಟರು. ರೂಟರಿನ ಪಾಸ್‌ವರ್ಡ್ ಬದಲಿಸದಿದ್ದರೆ ಯಾರು ಬೇಕಾದರೂ ಒಳಗೆ ನುಗ್ಗಬಹುದು ಎಂದು ಅಲ್ಲಿ ಹೇಳಿದರು. ನಮ್ಮದು ಕಂಪನಿಯವರು ಇಟ್ಟ 'ಅಡ್ಮಿನ್' ಎಂದೇ ಇತ್ತು!

ದಸರೆ ರಜೆಯ ಮೊದಲ ದಿನವೇ ಸೆರಗು ಸಿಕ್ಕಿಸಿ ಲ್ಯಾಪ್‌ಟಾಪ್ ಮುಂದೆ ಕುಳಿತೆ. ಬಸ್ ಡಿಪೋದಲ್ಲಿ ಕೆಲಸ ಮಾಡುವ ನಮ್ಮ ಯಜಮಾನರಿಗೂ ಅಂದು ವಾರದ ರಜೆ.

"ನಡದದ್ದನ್ನ ಯಾಕ ಮುಟ್ಟತಿ?" ಎಂದರು.

"ನಿಮಗ ಸೆಕ್ಯೂರಿಟಿ ಅಂದ್ರ ತಿಳಿಯೂದಿಲ್ಲ. ಸುಮ್ನ ಕುಂದರ್ರಿ."

ಬ್ರಾಡ್‌ಬ್ಯಾಂಡ್ ಜೋಡಿಸಿದ ದಿನ ಲೈನ್‌ಮನ್ ಯೂಸರ್ ಐಡಿ ಬರೆದು ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಮೊದಲು ಕಿತ್ತೆ. ಎಂಟು ಚೂರು ಮಾಡಿದೆ. ಅಷ್ಟರಲ್ಲಿ ಕಸದ ಗಾಡಿ ಬಂತು. ಖುದ್ದಾಗಿ ಹೋಗಿ ಅದರಲ್ಲಿ ಸುರಿದು ಬಂದೆ. ಕಳ್ಳರಿಗೆ ಸುಳಿವು ಸಿಗಬಾರದಲ್ಲ!

ಆಮೇಲೆ ಪಾಸ್‌ವರ್ಡ್ ಬದಲಿಸಿದೆ. ಯಾರೂ ಊಹಿಸಲಾಗದಂಥದ್ದನ್ನು ಇಟ್ಟೆ. ಹತ್ತು ನಿಮಿಷದ ನಂತರ ನನಗೂ ಊಹಿಸಲಾಗಲಿಲ್ಲ.

ಕೊನೆಯದಾಗಿ 'ಪಟ್ಟಿಯಲ್ಲಿರುವ ಮೊಬೈಲುಗಳಿಗೆ ಮಾತ್ರ ಪ್ರವೇಶ' ಎಂಬ ಅರ್ಥದ ಒಂದು ಸಾಲು ಕಂಡಿತು. ಸಂತೋಷದಿಂದ ಒತ್ತಿದೆ. ಒತ್ತಿದ ಮೇಲೆ ಹೊಳೆಯಿತು, ಪಟ್ಟಿಯಲ್ಲಿ ನಾನಿನ್ನೂ ಯಾರ ಮೊಬೈಲನ್ನೂ ಸೇರಿಸಿರಲಿಲ್ಲ. ರೂಟರ್ ಒಳ್ಳೆಯ ವಿದ್ಯಾರ್ಥಿಯ ಹಾಗೆ ಹೇಳಿದಷ್ಟನ್ನೇ ಮಾಡಿತು. ಎಲ್ಲರನ್ನೂ ಹೊರಗೆ ಹಾಕಿತು, ನನ್ನನ್ನೂ ಸೇರಿಸಿ!

ಸರಿಯಾಗಿ ಆಗಲೇ ಶೋಭಾ ಬಂದಳು. ಎರಡು ಮನೆ ಆಚೆಗಿರುವ ಆಕೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವವಳು. ಅಷ್ಟು ವರ್ಷ ಹೊಲಿದದ್ದೆಲ್ಲ ವ್ಯಾಪಾರಿಗಳ ಹೆಸರಿನಲ್ಲೇ ಹೋಗಿತ್ತು. ಬೆಂಗಳೂರಿನ ಕರಕುಶಲ ಮೇಳದಲ್ಲಿ ಮೊದಲ ಸಲ ತನ್ನ ಹೆಸರಿನದೇ ಮಳಿಗೆ ಕೇಳಲಿದ್ದಳು. ಅರ್ಜಿಗೆ ಅಂದೇ ಕೊನೆಯ ದಿನ, ಅದೂ ಆನ್‌ಲೈನ್‌ನಲ್ಲೇ. ತುಂಬಿಕೊಡುತ್ತೇನೆಂದು ಮಾತು ಕೊಟ್ಟವಳು ನಾನು.

"ಅಕ್ಕೋರ, ಚಪ್ಪಲಿ ಫೋಟೋ ಎಲ್ಲಾ ತಂದೇನ್ರಿ."

"ಐದ ನಿಮಿಷ ಕುಂದರವಾ ಶೋಭಾ."

"ಐದ ಗಂಟೆಗೆ ಬಂದ್ ಆಕ್ಕೈತಂತ್ರಿ."

ರೂಟರಿನ ಹಿಂದೆ ಸಣ್ಣ ತೂತೊಂದಿತ್ತು. ಅದರಲ್ಲಿ ಪಿನ್ನು ಒತ್ತಿ ಹಿಡಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ತರಬೇತಿಯಲ್ಲಿ ಕೇಳಿದ್ದೆ. ಮನೆಯೆಲ್ಲ ಹುಡುಕಿದರೂ ಪಿನ್ನಿಲ್ಲ. ನೆರಿಗೆಗೆ ಹಾಕಿದ್ದನ್ನೇ ಕಿತ್ತೆ. ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಪಿನ್ನು, ಹಲ್ಲಿನಲ್ಲಿ ವೈರು. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಮೊಬೈಲಿನಲ್ಲಿ ವೈಫೈ ಗುರುತು ಮೂಡಿತು!

"ಬಂತು!" ಎಂದು ಕೂಗಿದೆ. ಬಂದದ್ದು ಗುರುತು ಮಾತ್ರ. ಇಂಟರ್‌ನೆಟ್ ಇಲ್ಲ. ರೂಟರ್ ಎಲ್ಲವನ್ನೂ ಮರೆತು ಯೂಸರ್ ಐಡಿ ಕೇಳುತ್ತಿತ್ತು.

"ಅದು ಚೀಟಿಯೊಳಗ ಇತ್ತಲ್ಲ?" ಎಂದರು ಯಜಮಾನರು.

"ಇತ್ರಿ."

"ಈಗ ಎಲ್ಲೈತಿ?"

"ಕಸದ ಗಾಡ್ಯಾಗ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಿ ಹಾಕಿಕೊಂಡು ಟೆಲಿಫೋನ್ ಆಫೀಸಿಗೆ ಹೋದರು. ಲೈನ್‌ಮನ್ ಕೆಲಸದ ಮೇಲೆ ಶೇಡಬಾಳಕ್ಕೆ ಹೋಗಿದ್ದಾನೆ, ಸಂಜೆ ಬರುತ್ತಾನೆ ಎಂಬ ಸುದ್ದಿ ತಂದರು.

ಗಂಟೆ ಮೂರಾಯಿತು. ಶೋಭಾ ಮೆಲ್ಲಗೆ ಎದ್ದಳು.

"ಬಸ್ ಸ್ಟ್ಯಾಂಡ್ ಕಡೆ ಝೆರಾಕ್ಸ್ ಅಂಗಡ್ಯಾಗ ತುಂಬಿಸ್ಕೊಂಡ ಬರ್ತೇನ್ರಿ ಅಕ್ಕೋರ. ನೀವೇನ್ ಬ್ಯಾಸರಾ ಮಾಡ್ಕೋಬ್ಯಾಡ್ರಿ."

ದಿನ ಕೆಡಿಸಿದವಳು ನಾನು, ಸಮಾಧಾನ ಹೇಳುತ್ತಿದ್ದವಳು ಅವಳು! ನೆರಿಗೆ ಸರಿಮಾಡಿಕೊಂಡು ನಾನೂ ಹಿಂದೆ ಓಡಿದೆ. ಅಂಗಡಿಯಲ್ಲಿ ಸರದಿ ಉದ್ದವಿತ್ತು. ಗೋಡೆಯ ಗಡಿಯಾರ ನೋಡುತ್ತ ನಿಂತ ನನಗೆ ಪರೀಕ್ಷೆಯ ಮಕ್ಕಳ ಕಷ್ಟ ಮೊದಲ ಸಲ ಅರ್ಥವಾಯಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಅರ್ಜಿ ಹೋಯಿತು. ಶೋಭಾ ರಸೀದಿಯನ್ನು ಎರಡು ಕೈಯಲ್ಲಿ ಹಿಡಿದು ನಕ್ಕಳು. ಅವಳಿಗೆ ಮಳಿಗೆ ಸಿಕ್ಕಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ.

ಸಂಜೆ ಲೈನ್‌ಮನ್ ಬಂದು ಹತ್ತೇ ನಿಮಿಷದಲ್ಲಿ ಸರಿಮಾಡಿದ. "ಪಾಸ್‌ವರ್ಡ್ ಬದಲಿ ಮಾಡೂದು ಛಲೋನ ರಿ ಅಕ್ಕೋರ. ಆದ್ರ ಒಂದ ಕಡೆ ಬರದ ಇಟ್ಕೋಬೇಕ್ರಿ" ಎಂದ. ಹೊಸ ಪಾಸ್‌ವರ್ಡನ್ನು ಯಾರಿಗೆ ಹೇಳಲಿ ಎಂಬಂತೆ ಇಬ್ಬರ ಮುಖ ನೋಡಿದ. ಸ್ವಲ್ಪ ಯೋಚಿಸಿ ಯಜಮಾನರ ಕಿವಿಯಲ್ಲಿ ಹೇಳಿದ.

ಯಜಮಾನರು ನನ್ನ ಮೊಬೈಲ್ ತೆಗೆದುಕೊಂಡರು.

"ನಾ ಹಾಕಿ ಕೊಡತೇನಿ. ನೀ ಒಂದ ನಿಮಿಷ ಆ ಕಡೆ ತಿರುಗು."

ಇಪ್ಪತ್ತು ವರ್ಷ ಮಕ್ಕಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ ನಾನೇ ಗೋಡೆಯ ಕಡೆ ತಿರುಗಿ ನಿಂತೆ.