ಹಂಡೆಗೆ ಇಳಿದ ಕಂಬಳಿ ಸೂಟು

"ಬಣ್ಣಗಾರನ ಬಾಗಿಲು ಕಾಯುವ ಕಾಲ ಮುಗಿಯಿತು! ಈ ಸೂಟಿಗೆ ನಾನೇ ಬಣ್ಣ ಹಾಕ್ತೀನಿ!"

ಒತ್ತೊರಿನೊ ಹೀಗೆ ಸಾರಿ ಊಟದ ಮೇಜಿನ ಮೇಲೆ ಮುಷ್ಟಿ ಗುದ್ದಿದ ರಭಸಕ್ಕೆ ಬಾರ್ಲಿ ಕಾಫಿಯ ಬಟ್ಟಲು ಎಗರಿ ಮಗುಚಿ ಬಿತ್ತು. ಅವನ ಹೆಂಡತಿ ಎರ್ಸಿಲಿಯಾ ಬಟ್ಟಲನ್ನು ಎತ್ತಿಟ್ಟು, ಮೇಜುಬಟ್ಟೆಯ ಮೇಲೆ ಹರಡುತ್ತಿದ್ದ ಕಂದು ಕಲೆಯನ್ನೇ ನೋಡುತ್ತಾ, "ಶುರುವಾಯ್ತಲ್ಲ ಬಣ್ಣ ಹಾಕೋದು!" ಎಂದಳು.

ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಇಟಲಿಯ ಆ ಬಂದರು ಊರು, ಸೈನ್ಯಗಳು ಬಿಟ್ಟುಹೋದದ್ದನ್ನೆಲ್ಲ ಬಾಚಿ ಮೈಮೇಲೆ ಹಾಕಿಕೊಂಡಿತ್ತು. ಪ್ಯಾರಾಶೂಟು ಲಂಗವಾಗಿತ್ತು. ಡೇರೆ ಮಕ್ಕಳ ಚಡ್ಡಿಯಾಗಿತ್ತು. ಮದ್ದುಗುಂಡಿನ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಇನ್ನೊಂದು ವರ್ಷ ಯುದ್ಧ ನಡೆದಿದ್ದರೆ ಯಾರೋ ಒಬ್ಬ ಪುಣ್ಯಾತ್ಮ ಜಲಾಂತರ್ಗಾಮಿಯಲ್ಲಿ ಉಪ್ಪಿನಕಾಯಿ ಹಾಕಿಡುತ್ತಿದ್ದ! ಹೀಗಾಗಿ ಊರಿನ ಏಕೈಕ ಬಣ್ಣಗಾರನಿಗೆ ಸೈನಿಕ ಬಣ್ಣಗಳನ್ನು ಸಂಸಾರದ ಬಣ್ಣಗಳಿಗೆ ತಿರುಗಿಸುವುದರಲ್ಲಿ ಉಸಿರಾಡಲೂ ಪುರಸೊತ್ತಿರಲಿಲ್ಲ. "ಜುಲೈ ತಿಂಗಳಲ್ಲಿ ಬನ್ನಿ," ಎಂದಿದ್ದ. ಮದುವೆ ಇದ್ದದ್ದು ಏಪ್ರಿಲ್ ಕೊನೆಯಲ್ಲಿ.

ಮದುವೆ ಎರ್ಸಿಲಿಯಾಳ ತಂಗಿ ನೀವೆಸ್‌ಳದು. ತಂದೆ ಇಲ್ಲದ ಹುಡುಗಿ. ಅವಳ ಕೈ ಹಿಡಿದು ಚರ್ಚಿನ ನಡುದಾರಿಯಲ್ಲಿ ನಡೆಸಿಕೊಂಡು ಹೋಗಬೇಕಾದವನು ಭಾವ ಒತ್ತೊರಿನೊ. ಅದಕ್ಕೆಂದೇ ದರ್ಜಿ ಒಂದು ಅಮೆರಿಕನ್ ಸೈನ್ಯದ ಕಂಬಳಿಯಿಂದ ಸೂಟು ಹೊಲಿದು ಕೊಟ್ಟಿದ್ದ. ಕಂಬಳಿ ಒಣಗಿದ ಪಾಚಿಯ ಬಣ್ಣದ್ದು. ಬಟ್ಟೆ ಸಾಲದೆ ಬಂದು, ಕಂಬಳಿಯ ಮೇಲೆ ಅಚ್ಚೊತ್ತಿದ್ದ ಎರಡು ಸಾಲು ಕಪ್ಪು ಇಂಗ್ಲಿಷ್ ಅಕ್ಷರ ಕೋಟಿನ ಬೆನ್ನಿಗೇ ಬಂದು ಕೂತಿದ್ದವು. ಏನು ಬರೆದಿದೆ ಎಂದು ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಇಂಗ್ಲಿಷು ಬರುತ್ತಿದ್ದುದು ಮದುಮಗ ದಾರಿಯೊ ಒಬ್ಬನಿಗೆ. ಅಮೆರಿಕನ್ನರ ಸೇನಾ ಶಿಬಿರದಲ್ಲಿ ಎರಡು ವರ್ಷ ಪಾತ್ರೆ ತಿಕ್ಕಿ ಕಲಿತಿದ್ದ. ಆದರೆ ಅವನೀಗ ಹಡಗಿನಲ್ಲಿ ಅಡುಗೆಯವನು, ಊರಿಗೆ ಬರುವುದು ಮದುವೆಯ ಹಿಂದಿನ ದಿನ.

"ಕಡುನೀಲಿ ಹಾಕಿದರೆ ಅಕ್ಷರಗಳು ಮುಳುಗಿಹೋಗ್ತವೆ," ಎಂದ ಒತ್ತೊರಿನೊ.

"ಅಕ್ಷರ ಮುಳುಗಬಹುದು. ಸೂಟು ನಿಮ್ಮ ಮೈಗೆ ಹೊಂದೋದೇ ಇಲ್ಲವಲ್ಲ, ಅದಕ್ಕೇನು ಮಾಡ್ತೀರಿ? ಭುಜ ಒಂದು ಕಡೆ, ನೀವೊಂದು ಕಡೆ. ಆ ದರ್ಜಿಯ ಕೈಗೆ ಕಜ್ಜಿ ಹತ್ತಲಿ! ಬಣ್ಣದ ವಿಷಯ ನಿಮಗೇನು ಗೊತ್ತು?"

"ಹದಿನೆಂಟು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದೀನಿ ಮಾರಾಯ್ತಿ! ಶಾಯಿ ಅಂದ್ರೇನು ಅಂತ ನನಗೆ ಹೇಳಿಕೊಡ್ತೀಯಾ?"

ಶಾಯಿಯ ಜಗಳ ಮುಂದುವರಿಸಲು ಎರ್ಸಿಲಿಯಾಳಿಗೆ ಪುರಸೊತ್ತಿರಲಿಲ್ಲ. ಅವಳ ತಲೆಯ ಮೇಲೆ ಶನಿವಾರ ಕೂತಿತ್ತು. ಆ ದಿನ ನಾಲ್ಕು ಗಂಟೆಗೆ ಬೀಗರು ಬರುವವರಿದ್ದರು, ಮದುವಣಗಿತ್ತಿ ತವರಿನಿಂದ ತರುವ ಹಾಸು ಹೊದಿಕೆ ನೋಡಿ ಎಣಿಸಲು. ಊರ ಪದ್ಧತಿ. ಎಣಿಸಿ ಒಪ್ಪಿದ ಮೇಲೇ ಮದುವೆ ಗಟ್ಟಿ.

ಈ ಮದುವೆಯೋ, ಮೂರು ತಿಂಗಳಿಂದ ದಾರದ ಮೇಲೆ ತೂಗುತ್ತಿತ್ತು. ದಾರಿಯೊನ ತಂದೆ ಗಾಸ್ಪರೆ ಹಡಗುಕಟ್ಟೆಯ ಕಾರ್ಮಿಕ, ಕಡುಗೆಂಪು ಕಮ್ಯುನಿಸ್ಟ. "ಚರ್ಚಿಗೆ ಕಾಲಿಟ್ಟರೆ ನನ್ನ ಹೆಸರು ಬದಲಾಯಿಸಿ!" ಎಂದು ಆಣೆ ಹಾಕಿದ್ದ. ತಾಯಿ ಪಾಲ್ಮೀರಾ ಬೆಳಿಗ್ಗೆ ಒಂದು ಪೂಜೆ, ಸಂಜೆ ಒಂದು ಪೂಜೆ. "ಪಾದ್ರಿ ಇಲ್ಲದ್ದು ಮದುವೆಯಲ್ಲ, ರಿಜಿಸ್ಟ್ರಿ!" ಎಂದು ಅವಳ ಆಣೆ. ಒಂದೇ ಮಂಚದಲ್ಲಿ ಎರಡು ಪಕ್ಷ! ಸಾಲದ್ದಕ್ಕೆ ಇನ್ನು ಎಂಟು ದಿನಕ್ಕೆ ದೇಶದ ಚುನಾವಣೆ. ಊರಿನ ಗೋಡೆಗಳಲ್ಲಿ ಸುಣ್ಣ ಕಾಣದಷ್ಟು ಪೋಸ್ಟರು. ಇಂಥ ಇಬ್ಬರೂ ಒಟ್ಟಿಗೆ ಒಂದು ಮನೆಗೆ ಬರಲು ಒಪ್ಪಿದ್ದೇ ಪವಾಡ. ಅಂದು ಏನಾದರೂ ಕೆಟ್ಟರೆ ನೀವೆಸ್‌ಳ ಮದುವೆ ಮುರಿದ ಹಾಗೆಯೇ.

ಶುಕ್ರವಾರ ಒತ್ತೊರಿನೊ ಕಚೇರಿಗೆ ರಜೆ ಹಾಕಿದ. ಬಂದರಿನ ಬೀದಿಯಲ್ಲಿ ಒಬ್ಬನಿಂದ ಹೆಸರಿಲ್ಲದ ಡಬ್ಬಿಯೊಂದನ್ನು ಕೊಂಡು ತಂದ. "ಅಪ್ಪಟ ನೌಕಾಪಡೆಯ ನೀಲಿ ಸ್ವಾಮಿ! ಅಡ್ಮಿರಲ್ಲುಗಳ ಕೋಟಿಗೆ ಹಾಕೋದು!" ಎಂದಿದ್ದ ಮಾರುವವನು. ಅಂಗಳದಲ್ಲಿ ಎಂಟು ಸಂಸಾರಕ್ಕೂ ಸೇರಿದ ಒಗೆತದ ದೊಡ್ಡ ಹಂಡೆ ಇತ್ತು. ಅದರಡಿ ಬೆಂಕಿ ಹಾಕಿ, ನೀರು ಕುದಿಸಿ, ಡಬ್ಬಿಯನ್ನು ಅನಾಮತ್ತಾಗಿ ಬಗ್ಗಿಸಿದ. ನೀರು ಕಾಗೆಯಷ್ಟು ಕಪ್ಪಾಯಿತು. ಇಷ್ಟು ಕಪ್ಪಗಿದೆ ಎಂದರೆ ಎಷ್ಟು ಗಾಢವಾದ ನೀಲಿ ಇರಬೇಕು! ಸೂಟನ್ನು ಅದ್ದಿ, ಕೋಲಿನಿಂದ ತಿರುವಿ, ನೀರು ಆರಿದ ಮೇಲೆ ತೋಳು ಮಡಿಸಿ ಮೊಣಕೈವರೆಗೂ ಕೈ ಹಾಕಿ ಹಿಂಡಿದ. ಒದ್ದೆ ಸೂಟು ಅಮಾವಾಸ್ಯೆಯಂತೆ ಮಿಂಚುತ್ತಿತ್ತು. ಅದನ್ನು ಅಟ್ಟದಲ್ಲಿ ನೇತು ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿದ. ಮದುವೆಯ ದಿನವೇ ಜಗತ್ತು ಕಂಡು ಬೆರಗಾಗಲಿ!

ಹಂಡೆಯ ನೀರು ಚೆಲ್ಲಿ, ಒಂದು ಹಿಡಿ ಹುಲ್ಲಿನಿಂದ ಒಮ್ಮೆ ಸವರಿದ. ತಳದಲ್ಲಿ ಬೆರಳುದಪ್ಪ ಗಷ್ಟು ಕೂತಿತ್ತು. "ತಾಮ್ರದ ಮಸಿ," ಎಂದುಕೊಂಡ.

ಕೈ ತೊಳೆಯಲು ಸೋಪು ಹಚ್ಚಿದಾಗ ಮಾತ್ರ ಕಪ್ಪು ತನ್ನ ನಿಜಬಣ್ಣ ತೋರಿಸಿತು. ಎರಡೂ ಕೈ ಮೊಣಕೈವರೆಗೆ ರಕ್ತಗೆಂಪು! ಹುಲಿ ಕೊಂದು ಬಂದವನ ಕೈಯ ಹಾಗಿತ್ತು. ಆದರೆ ಅಂಚೆ ಇಲಾಖೆಯ ತರ್ಕ ಸೋಲುವಂಥದ್ದಲ್ಲ. "ಸರಿಯಾಗೇ ಇದೆ. ನೀಲಿಯನ್ನೆಲ್ಲ ಸೂಟು ಹೀರಿಕೊಂಡಿದೆ. ಬೇಡದ ಕೆಂಪು ನನ್ನ ಕೈಗೆ ಬಂದಿದೆ."

ಶನಿವಾರ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಹಂಡೆಗೆ ಬೂದಿನೀರು ತುಂಬಿ ಕುದಿಸಿದರು. ನೀವೆಸ್‌ಳ ಹನ್ನೆರಡು ಹಾಸುಬಟ್ಟೆ ಒಳಗಿಳಿದವು. ಏಳು ವರ್ಷದ ಕಸೂತಿ ಅದು. ಬಾಂಬು ಬೀಳುವಾಗ ನೆಲಮಾಳಿಗೆಯಲ್ಲಿ ಮೋಂಬತ್ತಿ ಹಚ್ಚಿಕೊಂಡು ಹಾಕಿದ ಹೊಲಿಗೆಯೂ ಅದರಲ್ಲಿತ್ತು. ಅವುಗಳ ಮೇಲೆ ಎಂಟು ಮನೆಯ ಹೊದಿಕೆ, ಅಂಗಿ, ಒಳಚಡ್ಡಿ. ಗಷ್ಟಿಗೆ ಬೂದಿನೀರಿನ ಸಹವಾಸ ಸಿಕ್ಕಿದ್ದೇ ತಡ, ಜೀವ ಬಂತು.

"ಅಯ್ಯೋ ದೇವಮಾತೆ!" ಎಂದು ಮೇಲಿನ ಮನೆಯ ವಿಧವೆ ಜೆಲಿಂದಾ ಕಿರುಚಿದ ಕಿರುಚಿಗೆ, ಬಾಂಬಿನ ಸೈರನ್ನು ಎಂದುಕೊಂಡು ಇಬ್ಬರು ಮುದುಕರು ನೆಲಮಾಳಿಗೆಗೆ ಓಡಿದರು.

ಹಂಡೆಯಿಂದ ಎತ್ತಿದ ಪ್ರತಿಯೊಂದು ಬಟ್ಟೆಯೂ ಕೆಂಪು! ನಿಗಿನಿಗಿ ಕೆಂಪು! ನೀವೆಸ್ ಮಗುಚಿಟ್ಟ ಬಕೆಟ್ಟಿನ ಮೇಲೆ ಕುಸಿದು ಕೂತು, ಒದ್ದೆ ಹಾಸುಬಟ್ಟೆಯ ಮೂಲೆಯಲ್ಲೇ ಮುಖ ಮುಚ್ಚಿ ಅಳತೊಡಗಿದಳು. ಮುಖ ತೆಗೆದಾಗ ಮೂಗೂ ಕೆಂಪು.

ಒತ್ತೊರಿನೊ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಿಟಕಿಯಲ್ಲಿ ಇಣುಕಿದ. "ಬೂದಿ ಕೆಟ್ಟಿರಬೇಕು. ಈಗಿನ ಸೌದೆಯೇ ಸರಿಯಿಲ್ಲ."

"ರೀ," ಎಂದಳು ಎರ್ಸಿಲಿಯಾ, ಬಹಳ ಮೆತ್ತಗೆ. "ಕೈ ತೋರಿಸಿ."

"ಯಾವ ಕೈ?"

"ದೇವರು ಎರಡೇ ಕೊಟ್ಟಿರೋದು. ಎರಡನ್ನೂ ತೋರಿಸಿ."

ತೋರಿಸಿದ. ಅಂಗಳದ ಹದಿನಾರು ಹೆಂಗಸರು ಆಗ ಏನೇನು ಅಂದರು ಎಂಬುದನ್ನು ಅಚ್ಚು ಹಾಕಿದರೆ ಕಾಗದ ಸುಟ್ಟುಹೋದೀತು.

"ಭಾವ," ಎಂದು ಬಿಕ್ಕಿದಳು ನೀವೆಸ್, "ನೀವು ಯುದ್ಧಕ್ಕೆ ಹೋಗದೆ ಊರಲ್ಲೇ ಉಳಿದಿರಿ ಅಂತ ನಾನು ದೇವರಿಗೆ ಮೇಣದ ಬತ್ತಿ ಹಚ್ಚಿದ್ದೆ!"

"ಅತ್ತು ಪ್ರಯೋಜನವಿಲ್ಲ," ಎಂದು ಎರ್ಸಿಲಿಯಾ ಸೆರಗು ಕಟ್ಟುವಂತೆ ಏಪ್ರನ್ನು ಬಿಗಿದಳು. "ಬಿಸಿಲಿಗೆ ಹಾಕೋಣ. ಬಿಸಿಲು ಹೊಡೆದರೆ ಬಣ್ಣ ಹಾರೀತು."

ಓಣಿಯ ಆ ಕಿಟಕಿಯಿಂದ ಈ ಕಿಟಕಿಗೆ ಕಟ್ಟಿದ ಹಗ್ಗಗಳ ಮೇಲೆಲ್ಲ ಬಟ್ಟೆ ಏರಿತು. ಸಮುದ್ರದ ಗಾಳಿ ಬೀಸಿತು. ಅರವತ್ತು ಕೆಂಪು ಬಟ್ಟೆ ಪಟಪಟ ಹಾರಾಡಿದವು. ಚರ್ಚಿನ ಬೆನ್ನಿಗಂಟಿಕೊಂಡ ಓಣಿ ಅದು, ಅಲ್ಲಿನ ಬೆಕ್ಕುಗಳೂ ವ್ರತವೆಂದು ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ! ಬಿಸಿಲಿಗೆ ಬಣ್ಣ ಹಾರಲಿಲ್ಲ. ಇನ್ನೂ ಹೊಳೆಯಿತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ದೊಡ್ಡ ಬೀದಿಯಲ್ಲಿ ಬ್ಯಾಂಡು ಕೇಳಿಸಿತು. ಕೆಂಪು ಬಾವುಟದವರ ಚುನಾವಣಾ ಮೆರವಣಿಗೆ! ಮುಂದಿದ್ದವನು ಓಣಿಯ ಕಡೆ ಕತ್ತು ತಿರುಗಿಸಿದ, ಕಲ್ಲಾಗಿ ನಿಂತ, ಟೋಪಿ ತೆಗೆದ. "ಸಂಗಾತಿಗಳೇ! ಪಾದ್ರಿಗಳ ಕೋಟೆ ಬಿದ್ದಿದೆ!" ಮುನ್ನೂರು ಜನ ಓಣಿಯೊಳಗೆ ನುಗ್ಗಿದರು. ತುತ್ತೂರಿ ಊದುವವನ ಬಾಯಿಗೆ ಯಾರದೋ ಕೆಂಪು ಒಳಚಡ್ಡಿ ಬಡಿಯಿತು. ಅವನು ಅದಕ್ಕೇ ಸಲಾಮು ಹೊಡೆದ.

"ಇಲ್ಲ! ಇಲ್ಲ! ನಾವಲ್ಲ!" ಎಂದು ಒತ್ತೊರಿನೊ ಕಿಟಕಿಯಲ್ಲಿ ನಿಂತು ಎರಡೂ ಕೈ ಎತ್ತಿ ಬೀಸಿದ.

ಎರಡು ಕೆಂಪು ತೋಳು ಆಕಾಶಕ್ಕೆದ್ದದ್ದನ್ನು ಕಂಡು ಗುಂಪಿಗೆ ಹುಚ್ಚೇ ಹಿಡಿಯಿತು. "ನೋಡಿ, ಮೈಗೂ ಬಳಿದುಕೊಂಡಿದ್ದಾನೆ! ಭಾಷಣ! ಭಾಷಣ!"

ಆಗಲೇ ಓಣಿಯ ತಿರುವಿನಲ್ಲಿ ಬೀಗರು ಪ್ರತ್ಯಕ್ಷರಾದರು.

ಗಾಸ್ಪರೆಯ ಬಾಯಿಯಿಂದ ಪೈಪು ಕಳಚಿ ಬಿತ್ತು. "ಇದೇನಾ ನಮ್ಮ ಬೀಗರ ಓಣಿ? ಇದೇನಾ?" ಎಂದು ಕಣ್ಣೊರೆಸಿಕೊಂಡ. ಪಕ್ಕದಲ್ಲಿ ಪಾಲ್ಮೀರಾಳ ಮುಖ ಊರಿನಲ್ಲಿ ಉಳಿದಿದ್ದ ಏಕೈಕ ಬಿಳಿ ವಸ್ತುವಾಗಿತ್ತು. ಅವಳು ಶಿಲುಬೆ ಗುರುತು ಹಾಕಿಕೊಂಡು ಹಿಂದಕ್ಕೆ ತಿರುಗಿದಳು.

ಎರ್ಸಿಲಿಯಾ ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಇಳಿದು ಪಾಲ್ಮೀರಾಳ ಕೈ ಹಿಡಿದಳು.

"ಬನ್ನಿ ಅಮ್ಮಾ, ಬನ್ನಿ! ಗಾಬರಿಯಾದಿರಾ? ನಮ್ಮ ಓಣಿಯ ಸಂತ ಹುತಾತ್ಮನಲ್ಲವೇ? ಅವನ ಹಬ್ಬಕ್ಕೆ ಪಾದ್ರಿಗಳೂ ಕೆಂಪು ನಿಲುವಂಗಿನೇ ಹಾಕೋದು. ನೀವೆಸ್ ಹರಕೆ ಹೊತ್ತಿದ್ದಳು, ಸಂತನ ರಕ್ತದ ಬಣ್ಣದ ಹಾಸಿನ ಮೇಲೆ ಸಂಸಾರ ಶುರು ಮಾಡ್ತೀನಿ ಅಂತ. ಈ ಬ್ಯಾಂಡಿನವರು ದಾರಿ ತಪ್ಪಿ ಬಂದವರು ಬಿಡಿ."

ಪಾಲ್ಮೀರಾ ನಿಂತಳು. ಹತ್ತಿರದ ಹಾಸುಬಟ್ಟೆಯನ್ನು ಮುಟ್ಟಿದಳು, ಕಣ್ಣಿಗೊತ್ತಿಕೊಂಡಳು, ಮುತ್ತಿಟ್ಟಳು. ತುಟಿ ಕೆಂಪಾಯಿತು. "ಮಗಳೇ! ಈ ಕಾಲದಲ್ಲೂ ಇಂಥ ಭಕ್ತಿ ಉಂಟೇ!"

ಗಾಸ್ಪರೆ, ಅಷ್ಟರಲ್ಲಿ ಕೆಳಗಿಳಿದು ಬಂದಿದ್ದ ಒತ್ತೊರಿನೊನ ಪಕ್ಕೆಗೆ ಮೆಲ್ಲನೆ ತಿವಿದ. "ನಿಮ್ಮಾಕೆ ಭಾರಿ ಗಟ್ಟಿ ಕಣ್ರೀ, ಕಾಮ್ರೇಡ್! ನಮ್ಮವಳಿಗೆ ಎಂಥ ಟೋಪಿ ಹಾಕಿದರು! ನನಗೆಲ್ಲ ಅರ್ಥವಾಯ್ತು. ಮದುವೆ ಚರ್ಚಿನಲ್ಲೇ ಆಗಲಿ. ನಿಮ್ಮಂಥವರು ಒಳಗಿದ್ದೇ ಕೆಲಸ ಮಾಡ್ತಿರುವಾಗ ನಾನು ಹೊರಗೆ ನಿಂತರೆ ಹೇಗೆ?"

ಹಾಸುಬಟ್ಟೆ ಎಣಿಸಿದರು. ಹನ್ನೆರಡು. ಮದುವೆ ಗಟ್ಟಿಯಾಯಿತು!

ಅಂದಿನಿಂದ ಒತ್ತೊರಿನೊ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ. "ಮೂರು ತಿಂಗಳು ಯಾರಿಗೂ ಆಗದ ಸಂಧಾನ! ಒಂದು ಡಬ್ಬಿಯಲ್ಲಿ ಮುಗಿಸಿದೆ! ದೊಡ್ಡ ದೊಡ್ಡ ದೇಶಗಳು ನನ್ನನ್ನು ಕರೆಸಿಕೊಳ್ಳಬೇಕು."

"ಹೋಗಿ. ಹಂಡೆಯನ್ನೂ ಹೊತ್ತುಕೊಂಡು ಹೋಗಿ," ಎಂದಳು ಎರ್ಸಿಲಿಯಾ.

ಮದುವೆಯ ಬೆಳಿಗ್ಗೆ ಅಟ್ಟದ ಬೀಗ ತೆರೆದ. ಒಳಗೆ ಹೋಗಿ ಸೂಟಿನ ಸುತ್ತ ಎರಡು ಸುತ್ತು ಬಂದ. ಓಣಿಗೆಲ್ಲ ಹತ್ತಿ, ಅಂಗಳಕ್ಕೆ ಹತ್ತಿ, ಬೀಗಿತ್ತಿಯ ತುಟಿಗೂ ಹತ್ತಿದ ಆ ಬಣ್ಣ, ಹತ್ತಬೇಕಾದ ಸೂಟೊಂದಕ್ಕೆ ಮಾತ್ರ ಹತ್ತಿರಲಿಲ್ಲ! ತೊಟ್ಟು ತೊಟ್ಟಾಗಿ ನೆಲಕ್ಕೆ ಇಳಿದುಹೋಗಿ, ಸೂಟು ಅದೇ ಒಣಪಾಚಿಯ ಬಣ್ಣದಲ್ಲಿ ತಣ್ಣಗೆ ತೂಗುತ್ತಿತ್ತು. ಅಲ್ಲ, ತಪ್ಪಾಯಿತು, ಸ್ವಲ್ಪ ಹತ್ತಿತ್ತು. ಬೆನ್ನಿನ ಅಕ್ಷರಗಳಿಗೆ. ಮೊದಲು ಕಪ್ಪಗೆ ಮಂಕಾಗಿದ್ದವು ಈಗ ಕೆಂಪಗೆ ಧಗಧಗಿಸುತ್ತಿದ್ದವು.

ಬೇರೆ ಕೋಟು ಎಲ್ಲಿಯದು? ಅದನ್ನೇ ತೊಟ್ಟು ನೀವೆಸ್‌ಳ ಕೈ ಹಿಡಿದು ನಡೆದ. ತುಂಬಿದ ಚರ್ಚು ಅವನ ಬೆನ್ನನ್ನೇ ನೋಡಿತು. ಯಾರೂ ನಗಲಿಲ್ಲ! ಪಾಲ್ಮೀರಾ ಅದನ್ನು ಲ್ಯಾಟಿನ್ ಪ್ರಾರ್ಥನೆ ಎಂದುಕೊಂಡು ತಲೆ ಬಾಗಿದಳು. ಗಾಸ್ಪರೆ ರಹಸ್ಯ ಘೋಷಣೆ ಎಂದುಕೊಂಡು ಮುಷ್ಟಿಯನ್ನು ಎದೆಗಿಟ್ಟುಕೊಂಡ. ಒತ್ತೊರಿನೊನ ಕುಗ್ಗಿದ ಬೆನ್ನು ಮೆಲ್ಲಮೆಲ್ಲನೆ ನೆಟ್ಟಗಾಯಿತು.

ಊಟದ ಹೊತ್ತಿಗೆ ಅವನನ್ನು ಹಿಡಿಯುವವರೇ ಇರಲಿಲ್ಲ. ಸಕ್ಕರೆ ಬಾದಾಮಿ ಹಂಚುತ್ತಿದ್ದ ಮದುಮಗನನ್ನು ಕೂಗಿ ಕರೆದ. "ದಾರಿಯೊ! ಬಾರಯ್ಯ, ನಿನ್ನ ಇಂಗ್ಲಿಷು ತೆಗಿ. ಇದನ್ನೊಮ್ಮೆ ಜೋರಾಗಿ ಓದಿ ಎಲ್ಲರಿಗೂ ಹೇಳು."

ದಾರಿಯೊ ಓದಿಕೊಂಡು ಕೆಮ್ಮಿದ. "ಬೇಡ ಬಿಡಿ ಭಾವ."

"ಸಂಕೋಚ ಯಾಕಪ್ಪ? ಹೊಗಳಿಕೆ ಅಂದ್ರೆ ನಾನೇನು ನಾಚಿಕೊಳ್ಳೋನಲ್ಲ!"

"ಮೇಲಿನ ಸಾಲು... 'ಸೇನಾ ಆಸ್ಪತ್ರೆಯ ಸೊತ್ತು.'"

"ಹೂಂ, ಕೆಳಗಿನದು?"

"'ವಾರ್ಡಿನಿಂದ ಹೊರಗೆ ಬಿಡಕೂಡದು.'"

ಎರ್ಸಿಲಿಯಾ ಎದ್ದು ಬಂದು ಗಂಡನ ಹೆಗಲಿನ ಸುಕ್ಕನ್ನು ಪ್ರೀತಿಯಿಂದ ಸರಿಪಡಿಸಿದಳು.

"ಸುಮ್ಮನೆ ಆ ದರ್ಜಿಯನ್ನು ಬೈದುಬಿಟ್ಟೆ ಕಣ್ರೀ," ಎಂದಳು. "ಇಷ್ಟು ಸರಿಯಾಗಿ ಯಾರಿಗೂ ಯಾವ ಸೂಟೂ ಹೊಂದಿದ್ದನ್ನು ನಾನು ಕಂಡಿಲ್ಲ!"