ಕಾಲು ತಾಗಿದ ಪಿನ್ನು

ನನ್ನ ಮಾನ ಹರಾಜಾಗೋಕೆ ಹೊರಗಿನವರು ಯಾರೂ ಬೇಕಾಗಿಲ್ಲ. ಆ ಕೆಲಸ ನಾನೇ ಅಚ್ಚುಕಟ್ಟಾಗಿ ಮಾಡಿಕೊಳ್ತೀನಿ, ಅದೂ ನಾಲ್ಕು ಜನ ನೋಡ್ತಾ ಇರುವಾಗಲೇ.

ಶೆಟ್ಟಿಹಳ್ಳಿಯ ಒಂದು ಶೆಡ್ಡಿನಲ್ಲಿ ನಾನು ಸೂಪರ್‌ವೈಸರ್. ಹಳೇ ಉಕ್ಕಿನ ಸೇತುವೆಗಳಲ್ಲಿ ಸವೆದುಹೋದ ಭಾಗಗಳು ನಮ್ಮಲ್ಲಿಗೆ ಬರ್ತವೆ. ತಗ್ಗು ಬಿದ್ದಲ್ಲಿ ವೆಲ್ಡಿಂಗ್ ತುಂಬಿ, ಮೇಲೆ ಲೋಹ ಕರಗಿಸಿ ಪದರ ಪದರವಾಗಿ ಹತ್ತಿಸಿ, ಲೇತ್‌ನಲ್ಲಿ ಕಡೆದು ಮೊದಲಿನ ಅಳತೆಗೆ ತರ್ತೀವಿ. ಮೊದಲು ನಾವು ಮಾಡ್ತಿದ್ದಿದ್ದು ಬರೀ ಗೇಟು, ಗ್ರಿಲ್ಲು. ಸೇತುವೆ ಕೆಲಸ ಹಿಡಿಯೋಣ ಅಂತ ಓನರ್ ಕಿವಿ ಕಚ್ಚಿದವನು ನಾನೇ. ಪರೀಕ್ಷೆಗೆ ಅಂತ ಒಂದು ಪಿನ್ನು ಬಂತು. ಪಿನ್ನು ಅಂದ್ರೆ ಗುಂಡುಸೂಜಿ ಅಲ್ಲ ಕಣ್ರೀ, ಸೇತುವೆಯ ತೊಲೆಗಳನ್ನು ಜೋಡಿಸೋ, ನನ್ನ ತೊಡೆ ಗಾತ್ರದ ಉಕ್ಕಿನ ಗೂಟ. ಓನರ್ ನೇರವಾಗಿ ಹೇಳಿಬಿಟ್ರು: "ಇದು ಪಾಸಾದ್ರೆ ಮಿಕ್ಕಿದ್ದೆಲ್ಲ ನಮಗೇ ಬರುತ್ತೆ. ಫೇಲಾದ್ರೆ ನೀವು ವಾಪಸ್ ಗೇಟಿಗೆ."

ಕಬ್ಬಿಣದ ಮಡಿ

ಲೋಹ ಹತ್ತಿಸೋ ಮುಂಚೆ ಪಿನ್ನಿಗೆ ಉಕ್ಕಿನ ಕಾಳನ್ನು ಜೋರಾಗಿ ಹೊಡೆದು ಮೈ ತರಿತರಿ ಮಾಡ್ತೀವಿ. ಆಮೇಲೆ ಅದನ್ನು ಬರಿಗೈಯಲ್ಲಿ ಯಾರೂ ಮುಟ್ಟೋ ಹಾಗಿಲ್ಲ. ಕೈಯ ಬೆವರು, ಜಿಡ್ಡು ಒಂಚೂರು ತಾಗಿದ್ರೂ ಅಷ್ಟು ಜಾಗದ ಪದರ ಮುಂದೆ ಸಿಪ್ಪೆ ಥರ ಎದ್ದು ಬರುತ್ತೆ. ಹಾಗಾಗಿ ದಿನವಿಡೀ ನನ್ನದು ಒಂದೇ ಪಾಠ: "ಏಯ್, ಮುಟ್ಬೇಡ! ದೂರ ನಿಂತ್ಕೋ!" ವೆಲ್ಡರ್‌ಗಳು ನನಗೆ ಮಡಿ ಸಾಹೇಬ್ರು ಅಂತ ಹೆಸರಿಟ್ರು.

ಹೆಮ್ಮೆ ತಡೀಲಾರದೆ ಇದನ್ನು ಹೆಂಡತಿಗೆ ಹೇಳಿದೆ. ಅವಳು ಧಾರವಾಡದವಳು, ಬಾಯಿ ಜೋರು. ಪಕ್ಕದ ಮನೆಯವರು ಕಾಫಿಗೆ ಬಂದು ಕೂತಿದ್ರು ಅನ್ನೋದನ್ನೂ ನೋಡಲಿಲ್ಲ. "ಮನ್ಯಾಗ ಹೊರಗಿನ ಅರಿವಿ ಮ್ಯಾಲ ಸೀದಾ ದೇವರ ಖೋಲಿಗೆ ನುಗ್ತೀರಿ. ಅಲ್ಲಿ ಕಬ್ಬಿಣಕ್ಕ ಮಡಿ ಮಾಡ್ತೀರಿ? ಒಂದ್ ಕೆಲಸ ಮಾಡ್ರಿ, ಆ ಪಿನ್ನನ್ನ ತಂದು ಇಲ್ಲೇ ದೇವರ ಮುಂದ ಇಡ್ರಿ. ಹಂಗರ ಕೈಕಾಲು ತೊಳ್ಕೊಂಡು ಒಳಗ ಬರ್ತೀರಿ!"

ಅಜ್ಜಿಯ ಈಳಿಗೆಮಣೆ

ನಮ್ಮ ಶೆಡ್ಡಿನ ಜಾಗ ಅದೇ ಊರಿನ ಒಬ್ಬ ಗೌಡ್ರದ್ದು. ಒಂದಿನ ಅವರ ತಾಯಿಯ ಸವೆದ ಈಳಿಗೆಮಣೆ ಹಿಡ್ಕೊಂಡು ಬಂದ್ರು. "ಅಲ್ಲ ಕಣ್ರೀ, ಸೇತ್ವೆ ಕಬ್ಣಾನೇ ಒಸದು ಮಾಡ್ತೀರ, ಇದೊಂದು ಆಗಲ್ವ?"

ಆಗಲ್ಲ ಅನ್ನೋಕೆ ನನ್ನ ಜಂಬ ಬಿಡಬೇಕಲ್ಲ! ನಮ್ಮಲ್ಲಿರೋ ಗಟ್ಟಿ ಲೋಹವನ್ನೇ ಅಂಚಿಗೆ ವೆಲ್ಡ್ ಮಾಡಿ, ಪಾಲಿಶ್ ಹೊಡೆದು, "ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ ಗೌಡ್ರೇ" ಅಂದೆ.

ವಾರ ಕಳೆಯೋದ್ರೊಳಗೆ ಅಜ್ಜಿಯೇ ಅದನ್ನು ಕಂಕುಳಲ್ಲಿ ಇಟ್ಕೊಂಡು ಬಂದ್ರು. ಊಟಕ್ಕೆ ಕೂತಿದ್ದ ಅಷ್ಟೂ ಜನರ ಮುಂದೆ ನನ್ನ ಬುತ್ತಿ ಪಕ್ಕ ಕುಕ್ಕಿದ್ರು. "ಬದ್ನೆಕಾಯಿ ಇಟ್ರೆ ಜಾರ್ಕೊಂಡು ಓಯ್ತದೆ. ಸಾಣೆ ಇಡಿಸಕ್ಕೋದ್ರೆ ಸಾಣೆಕಲ್ಲೇ ಸವದೋಯ್ತು. ಒಂದು ತರ್ಕಾರಿ ಎಚ್ಚಕ್ಕಾಗಕಿಲ್ಲ. ತಗಾ, ನಿನ್ ಸೇತ್ವೆಗೇ ಆಕ್ಕೋ!"

ನಾನು ಬುತ್ತಿ ಮುಚ್ಚಿ ಎದ್ದುಬಿಟ್ಟೆ. ಈಗಲೂ ಅಜ್ಜಿ ಎದುರಿಗೆ ಬಂದ್ರೆ ನಾನು ಆ ಕಡೆ ಗಲ್ಲಿಗೆ ತಿರುಗಿಬಿಡ್ತೀನಿ.

ಇನ್‌ಸ್ಪೆಕ್ಟರ್ ಬಂದಾಗ

ಪಿನ್ನು ನೋಡೋಕೆ ಸೇತುವೆಯವರ ಕಡೆಯಿಂದ ಇನ್‌ಸ್ಪೆಕ್ಟರ್ ಬಂದ್ರು. ನಗು ಅನ್ನೋದೇ ಗೊತ್ತಿಲ್ಲದ ಮನುಷ್ಯ. ಕಾಳು ಹೊಡೆದ ಪಿನ್ನು ಒಂದು ತಗ್ಗಿನ ಟ್ರಾಲಿ ಮೇಲೆ ಮಲಗಿತ್ತು. ನಾನು ಪಕ್ಕದಲ್ಲಿ ನಿಂತು ಮಡಿಯ ಮಹಿಮೆ ಶುರು ಮಾಡಿದೆ. "ಸಾರ್, ನಮ್ಮಲ್ಲಿ ಇದನ್ನ ಒಂದು ನೊಣ ಕೂಡ ಮುಟ್ಟಲ್ಲ..."

ಹೇಳ್ತಾ ಒಂದು ಹೆಜ್ಜೆ ಮುಂದಿಟ್ಟೆ. ನನ್ನ ಬೂಟು ಪಿನ್ನಿಗೆ ತಾಗಿತು.

ಆಮೇಲಿಂದು ನಾನು ಮಾಡಿದ್ದಲ್ಲ ಸ್ವಾಮಿ, ನನ್ನ ಕೈ ಮಾಡಿದ್ದು. ಪುಸ್ತಕಕ್ಕೆ ಕಾಲು ತಾಗಿದ್ರೆ, ಪೊರಕೆಗೆ ಕಾಲು ತಾಗಿದ್ರೆ ಚಿಕ್ಕಂದಿನಿಂದ ಏನು ಮಾಡ್ತಾ ಬಂದಿದೆಯೋ ಅದನ್ನೇ ಮಾಡ್ತು. ಬಗ್ಗಿ, ಐದೂ ಬೆರಳು ಊರಿ ಪಿನ್ನು ಮುಟ್ಟಿ, ಎರಡು ಕಣ್ಣಿಗೂ ಒತ್ತಿಕೊಂಡೆ.

ಹಿಂದಿನಿಂದ ಯಾವನೋ ವೆಲ್ಡರ್ ಮೆಲ್ಲಗೆ, "ಮಡಿ ಸಾಹೇಬ್ರೇ, ಮೈಲಿಗೆ ಆಯ್ತು" ಅಂದ. ಇನ್‌ಸ್ಪೆಕ್ಟರ್ ಪಿನ್ನು ನೋಡಿದ್ರು, ನನ್ನ ನೋಡಿದ್ರು. "ಮತ್ತೆ ಕಾಳು ಬ್ಲಾಸ್ಟ್ ಮಾಡಿ. ನಾಳೆ ಬರ್ತೀನಿ" ಅಂತ ಹೊರಟೇಹೋದ್ರು.

ಮಾರನೇ ದಿನ

ಓನರ್ ಎಲ್ಲರಿಗೂ ಬಿಳೀ ಗ್ಲೌಸ್ ತರಿಸಿದ್ರು. ನನ್ನ ಕೈಗೆ ಮಾತ್ರ ಅವರೇ ಹಾಕಿ, "ಇದೇ ಕೊನೇ ಸಲ. ಗೇಟು ನೆನಪಿರಲಿ" ಅಂದ್ರು. ಹಿಂದಿನ ರಾತ್ರಿಯೇ ನನಗೆ ನಿದ್ದೆ ಇರಲಿಲ್ಲ. ಈ ವಯಸ್ಸಲ್ಲಿ ಮತ್ತೆ ಗ್ರಿಲ್ಲು ಬೆಸೆಯೋಕೆ ಕೂತ್ರೆ ಮುಖ ಎಲ್ಲಿ ಇಟ್ಕೊಳ್ಳೋದು?

ಇನ್‌ಸ್ಪೆಕ್ಟರ್ ಬಂದ್ರು. ಟ್ರಾಲಿ ಸುತ್ತ ಹಗ್ಗ ಕಟ್ಟಿದ್ವಿ. ಅವರು ಹಗ್ಗ ದಾಟಿ ಬಗ್ಗಿ ನೋಡ್ತಿದ್ರು. ಅವರ ಶೂ ಪಿನ್ನಿನ ಹತ್ತಿರ ಹತ್ತಿರ ಹೋಗ್ತಾ ಇತ್ತು. "ಸಾರ್, ಕಾಲು ಹುಷಾರು!" ಅಂತ ಧಾವಿಸಿದೆ.

ನನ್ನ ಬೂಟೇ ತಾಗಿತು.

ಕೈ ಆಗಲೇ ಅರ್ಧ ದಾರಿ ಇಳಿದಿತ್ತು. ಆದ್ರೆ ಗ್ಲೌಸ್ ಇತ್ತಲ್ಲ, ಬಚಾವಾದ್ವಿ ಅಂದ್ಕೊಂಡ್ರು ಎಲ್ರೂ. ಓನರ್ ಕೂಡ ಉಸಿರು ಬಿಟ್ರು. ಅಷ್ಟರಲ್ಲಿ ನಾನು ಭಯಭಕ್ತಿಯಿಂದ ಬಲಗೈ ಗ್ಲೌಸ್ ಬಿಚ್ಚಿ, ಪಿನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡೆ.

"ರೀ! ವಾಪಸ್ ಗೇಟು ಮಾಡೋಕೇ ಹೋಗ್ಬೇಕಾ? ಗ್ಲೌಸ್ ಯಾಕ್ರೀ ಬಿಚ್ಚಿದ್ರಿ?" ಓನರ್ ಕಿರುಚಿದ್ರು.

"ಗ್ಲೌಸ್ ಹಾಕ್ಕೊಂಡು ನಮಸ್ಕಾರ ಮಾಡೋಕಾಗುತ್ತಾ ಸಾರ್?" ಅಂದುಬಿಟ್ಟೆ. ಬಾಯಿಂದ ಬಂದಮೇಲೆ ಗೊತ್ತಾಯ್ತು ಏನಂದೆ ಅಂತ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ನಗೋದೇ ಗೊತ್ತಿಲ್ಲದ ಆ ಇನ್‌ಸ್ಪೆಕ್ಟರ್ ಹೊಟ್ಟೆ ಹಿಡ್ಕೊಂಡು ನಗ್ತಾ ನೆಲದ ಮೇಲೇ ಕೂತುಬಿಟ್ರು. ಕಣ್ಣೊರೆಸ್ಕೊಂಡು ಓನರ್‌ಗೆ ಹೇಳಿದ್ರು: "ಇವರನ್ನ ಗೇಟಿಗೆ ಕಳಿಸ್ಬೇಡ್ರೀ. ಪಿನ್ನನ್ನ ಇವರ ಕಾಲಿಗೆ ಸಿಗದ ಹಾಗೆ ಇಡಿ, ಸಾಕು."

ಮೂರನೇ ಸಲ ಕಾಳು ಹೊಡೆದು, ಚೈನಿಗೆ ತೂಗುಹಾಕಿ ಲೋಹ ಹತ್ತಿಸಿದ್ವಿ. ಪಾಸಾಯ್ತು. ಈಗ ಮಿಕ್ಕ ಪಿನ್ನುಗಳೂ ನಮ್ಮಲ್ಲಿಗೇ ಬರ್ತಿವೆ, ಎಲ್ಲವೂ ಎದೆಮಟ್ಟದಲ್ಲಿ ನೇತಾಡ್ತವೆ. ಶೆಡ್ಡಿಗೆ ಹೊಸಬರು ಬಂದಾಗಲೆಲ್ಲ ಕೇಳ್ತಾರೆ, ಇಷ್ಟು ಮೇಲೆ ಯಾಕೆ ಕಟ್ಟಿದೀರ ಅಂತ. ನಾನು ಲೇತ್ ಹಿಂದೆ ಅಡಗೋ ಮುಂಚೆಯೇ ಓನರ್ ಬೆರಳು ನನ್ನ ಕಡೆ ತಿರುಗಿರುತ್ತೆ:

"ನಮ್ಮ ಸೂಪರ್‌ವೈಸರ್‌ಗೆ ಭಕ್ತಿ ಸ್ವಲ್ಪ ಜಾಸ್ತಿ."